ಲಕ್ಕಿ ಸೊಪ್ಪಿನ ಹೊಗೆ, ಸೊಳ್ಳೆಯ ನಗೆ

ಮಳೆ ಹಿಡಿಯಿತೆಂದರೆ ನಮ್ಮಲ್ಲಿ ಮನೆಗೊಬ್ಬ ಸೊಳ್ಳೆ ವಿಜ್ಞಾನಿ ಹುಟ್ಟಿಕೊಳ್ಳುತ್ತಾನೆ. ಬೇವಿನೆಣ್ಣೆಗೆ ಕೊಬ್ಬರಿ ಎಣ್ಣೆ ಬೆರೆಸಿ ಮೈಗೆ ಹಚ್ಚಿಕೊಳ್ಳಿ ಅನ್ನುತ್ತಾನೆ. ಹಚ್ಚಿಕೊಂಡರೆ ಸೊಳ್ಳೆ ದೂರವಾಗುವುದು ನಿಜ. ಮನೆಯವರೂ ದೂರವಾಗುತ್ತಾರೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಹಳ್ಳಿಯ ಅಜ್ಜಿಯರದು ಲಕ್ಕಿ ಸೊಪ್ಪಿನ ಹೊಗೆ. ಕೊಟ್ಟಿಗೆಯ ದನಗಳಿಗೆಂದು ಹಾಕಿದ್ದು ನಡುಮನೆಗೂ ನುಗ್ಗಿ ಎಲ್ಲರ ಕಣ್ಣಲ್ಲೂ ನೀರು. ಅಳುತ್ತಿರುವುದು ಹೊಗೆಗೋ ಟೀವಿ ಧಾರಾವಾಹಿಗೋ ಗೊತ್ತಾಗದು.

ಪಾಪ, ಸೊಪ್ಪಿನದೇನೂ ತಪ್ಪಿಲ್ಲ. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಮೊಟ್ಟೆಗೆ ರಕ್ತ ಬೇಕಲ್ಲ! ನಮ್ಮ ಉಸಿರು, ಬೆವರಿನ ವಾಸನೆ ಹಿಡಿದು ಆಕೆ ಬರುತ್ತಾಳೆ. ಬೇವು, ಮಜ್ಜಿಗೆಹುಲ್ಲು, ನೀಲಗಿರಿ ಎಣ್ಣೆಗಳ ಘಾಟು ಆ ಜಾಡು ತಪ್ಪಿಸುತ್ತದೆ. ಆದರೆ ಘಾಟು ಬೇಗ ಆವಿಯಾಗುತ್ತದೆ, ಮತ್ತೆ ಮತ್ತೆ ಹಚ್ಚಬೇಕು. ರಾತ್ರಿಯಿಡೀ ಹಚ್ಚುತ್ತ ಕೂತರೆ ನಿದ್ದೆ ಕೆಡಿಸಿದ್ದು ಸೊಳ್ಳೆಯೋ, ಎಣ್ಣೆಯೋ? ಡೆಂಗಿ ಹರಡುವ ಈಡಿಸ್ ಸೊಳ್ಳೆಯಂತೂ ಹೆಚ್ಚಾಗಿ ಕಚ್ಚುವುದು ಹಗಲಲ್ಲೇ. ನೀವು ರಾತ್ರಿ ಹೊಗೆ ಹಾಕುವಷ್ಟರಲ್ಲಿ ಅದರ ಊಟ ಮುಗಿದಿರುತ್ತದೆ.

ಎಣ್ಣೆ ಬೆರೆಸುವ ಮೊದಲು ತಾರಸಿಯ ಮೇಲಿನ ಹಳೇ ಬಕೆಟ್ಟು, ಹೂಕುಂಡದ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ ಬನ್ನಿ ಸ್ವಾಮಿ.