ಹುರುಪಿನ ಕುದುರೆಯಿಂದ ಕ್ರಮಬದ್ಧವಾಗಿ ಬೀಳುವುದು

ಯಲಹಂಕದಾಚೆ ಸೈಟು ಆಯಿತು, ಮನೆ ಆಯಿತು, ಎರಡನೇ ಕಾರೂ ಬಂತು. ಇನ್ನು ಉಳಿದದ್ದು ಕುದುರೆ. ಮೊದಲು ಒಂದು ಒಳ್ಳೆಯ ಕೂಲಿಂಗ್ ಗ್ಲಾಸ್ ಕೊಳ್ಳಿ. ಸವಾರಿಯನ್ನು ಆಮೇಲೆ ಕಲಿತರಾಯಿತು, ಕಲಿಯದಿದ್ದರೂ ಆಯಿತು.

ಲಾಯಕ್ಕೆ ಹೋದರೆ ಮೂಲೆಯಲ್ಲಿ ಒಂದು ಹಿಂಗಾಲನ್ನು ಸಡಿಲ ಬಿಟ್ಟು ತೂಕಡಿಸುವ ಮುದಿ ಕುದುರೆ ಇದ್ದೇ ಇರುತ್ತದೆ. ಎಷ್ಟೋ ಮಕ್ಕಳಿಗೆ ಸವಾರಿ ಕಲಿಸಿದ ಮೇಷ್ಟ್ರು ಅದು. ಅದರ ಹತ್ತಿರ ಸುಳಿಯಬೇಡಿ. ಅದರಿಂದ ಬೀಳುವುದು ಕಷ್ಟ, ಬಿದ್ದರೂ ಮರ್ಯಾದೆಯಲ್ಲ. ರೇಸಿನಿಂದ ರಿಟೈರ್ ಆಗಿ ಬಂದ ಐದು ವರ್ಷದ ಥರೋಬ್ರೆಡ್ ಕೇಳಿ. ನಿಂತಲ್ಲಿ ನಿಲ್ಲುವುದಿಲ್ಲ, ಮೈ ಮಿರುಗುತ್ತದೆ, ಹೊಳ್ಳೆ ಅರಳಿರುತ್ತದೆ. ಹಲ್ಲು ನೋಡಿ ವಯಸ್ಸು ಹೇಳುವವರನ್ನು, ಗೊರಸು ಎತ್ತಿ ನೋಡುವವರನ್ನು ಜೊತೆಗೆ ಕರೆದೊಯ್ಯಬೇಡಿ. ಬಣ್ಣ ನೋಡಿ, ಮುಂಗಡ ಕೊಡಿ.

ಮೇವಿನ ವಿಚಾರ ಸುಲಭ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಹುರುಳಿಯನ್ನೂ ಬೂಸಾವನ್ನೂ ಮೂಟೆಗಟ್ಟಲೆ ತನ್ನಿ. ಕುದುರೆಯ ಜಠರ ಚಿಕ್ಕದು, ಅದಕ್ಕೆ ದಿನವಿಡೀ ಸ್ವಲ್ಪಸ್ವಲ್ಪವೇ ಹುಲ್ಲು ಬೇಕು ಎಂದೆಲ್ಲ ಹೇಳುವವರಿದ್ದಾರೆ. ಹುಲ್ಲು ಬಡವರ ಆಹಾರವೆಂದು ಸುಮ್ಮನಾಗಿಸಿ. ಸೋಮವಾರದಿಂದ ಶನಿವಾರದವರೆಗೆ ಲಾಯದಲ್ಲೇ ಕಟ್ಟಿ ಹೊಟ್ಟೆ ಬಿರಿಯೆ ಹುರುಳಿ ಹಾಕಿ. ಭಾನುವಾರ ಹೊರಗೆ ಬಂದ ಕುದುರೆಯಲ್ಲಿ ಆರು ದಿನದ ಕಸುವು ಒಟ್ಟಿಗೇ ಇರುತ್ತದೆ. ಕೆಲವಕ್ಕೆ ಹೀಗೆ ಬಿಡುವಾದ ಮೇಲೆ ಓಡಿಸಿದ ಕೂಡಲೇ ಸೊಂಟದ ಸ್ನಾಯುಗಳು ಕಲ್ಲಿನಂತೆ ಬಿಗಿದು ಹೆಜ್ಜೆಯೇ ಏಳುವುದಿಲ್ಲ. ಸೋಮಾರಿತನವೆಂದು ತಿಳಿದು ಚಾವಟಿ ತೋರಿಸಿ. ಹೊಟ್ಟೆಶೂಲೆ ಬಂದರೂ ಗಾಬರಿ ಬೇಡ. ಕುದುರೆಗೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲ. ತಿಂದದ್ದು ಮುಂದಕ್ಕೇ ಹೋಗಬೇಕು, ಇಲ್ಲವೇ ಒಳಗೇ ಕೂರಬೇಕು. 1958ರಿಂದ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಫ್ಲೈಓವರ್ ದಾಟುವಷ್ಟರಲ್ಲಿ ಯೋಚಿಸಲು ಬೇಕಾದಷ್ಟು ಸಮಯ ಸಿಗುತ್ತದೆ.

ಈಗ ಕುದುರೆಯನ್ನು ಅರ್ಥ ಮಾಡಿಕೊಳ್ಳೋಣ. ಅದರ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ, ಹೆಚ್ಚುಕಮ್ಮಿ ಸುತ್ತಲೂ ಕಾಣುತ್ತದೆ. ಕಾಣದ ಜಾಗ ಎರಡೇ: ಬಾಲದ ನೇರ ಹಿಂದೆ, ಮೂಗಿನ ತೀರಾ ಮುಂದೆ. ಆದ್ದರಿಂದ ಹಿಂದಿನಿಂದ, ಸದ್ದಿಲ್ಲದೆ ಬನ್ನಿ. ಬಂದು ಪೃಷ್ಠದ ಮೇಲೆ ಪಟ್ಟನೆ ತಟ್ಟಿ. ಆತ್ಮೀಯತೆ ಹೀಗೇ ಬೆಳೆಯುವುದು.

ಕಿವಿಗಳನ್ನು ನೋಡಲೇಬೇಡಿ. ಇದು ಮುಖ್ಯ. ಕುದುರೆ ಮಾತಾಡುವುದು ಕಿವಿಯಲ್ಲಿ, ದಿನವಿಡೀ ಮಾತಾಡುತ್ತದೆ; ಒಂದು ಸಲ ಕೇಳಿಸಿಕೊಂಡರೆ ಕೆಟ್ಟಿರಿ, ಮತ್ತೆ ಬೀಳಲು ಆಗುವುದೇ ಇಲ್ಲ. ಎರಡೂ ಕಿವಿ ಮುಂದಕ್ಕೆ ಚುಚ್ಚಿ ನಿಂತರೆ ಅಲ್ಲೇನೋ ಕಂಡಿದೆ ಎಂದರ್ಥ. ಒಂದು ನಿಮ್ಮ ಕಡೆ ತಿರುಗಿದ್ದರೆ ನಿಮ್ಮ ಅಪ್ಪಣೆಗೆ ಕಾಯುತ್ತಿದೆ. ಎರಡೂ ಹಿಂದಕ್ಕೆ ಹೋಗಿ ಕುತ್ತಿಗೆಗೆ ಅಂಟಿಕೊಂಡು, ಹೊಳ್ಳೆಯ ಮೇಲೆ ಸುಕ್ಕು ಬಿದ್ದು, ಬಾಲ ಒಮ್ಮೆ ಚಾಟಿಯಂತೆ ಬೀಸಿದರೆ ನೀವು ಎರಡು ಹೆಜ್ಜೆ ಹಿಂದೆ ಸರಿಯಬೇಕು. ಸರಿಯಬೇಡಿ. ಪಕ್ಕದಲ್ಲಿ ನಿಂತ ಸೈಸ್ "ಸಾರ್, ಕಿವಿ ಹಿಂದಕ್ ಹೋಗೈತೆ, ವಸಿ ತಡೀರಿ" ಎನ್ನುತ್ತಾನೆ. ಅವನು ಹುಡುಗನಾಗಿದ್ದಾಗಿನಿಂದ ಲಾಯದಲ್ಲೇ ಮಲಗೆದ್ದವನು, ಅವನಿಗೇನು ಗೊತ್ತು? ನೀವು ವಿಡಿಯೊ ನೋಡಿ ಬಂದವರು. "ಯಜಮಾನ ಯಾರು ಅಂತ ಅದಕ್ಕೆ ಗೊತ್ತಾಗಬೇಕು" ಎಂದು ಗಟ್ಟಿಯಾಗಿ ಹೇಳಿ. ಕುದುರೆಗೆ ಅದು ಆಗಲೇ ಗೊತ್ತಿರುತ್ತದೆ: ಯಜಮಾನ ಸೈಸ್.

ಜೀನು ಹಾಕಿ ಹೊಟ್ಟೆಪಟ್ಟಿ ಬಿಗಿಯುವಾಗ ಜಾಣ ಕುದುರೆ ಎದೆ ಉಬ್ಬಿಸಿಕೊಳ್ಳುತ್ತದೆ. ನಾಲ್ಕು ಹೆಜ್ಜೆ ನಡೆಸಿ, ಅದು ಉಸಿರು ಬಿಟ್ಟ ಮೇಲೆ ಇನ್ನೆರಡು ತೂತು ಬಿಗಿಯುವುದು ಲಾಯದವರ ಪದ್ಧತಿ. ನೀವು ಒಂದೇ ಸಲ ಬಿಗಿದು ಬಿಡಿ. ಎಡಗಡೆಯಿಂದ ಹತ್ತಿ, ಅದೊಂದು ಸಂಪ್ರದಾಯ ಇರಲಿ. ಹತ್ತುವಾಗ ಬೂಟಿನ ತುದಿಯಿಂದ ಹೊಟ್ಟೆಗೆ ತಿವಿದು, ಬೆನ್ನ ಮೇಲೆ ಧೊಪ್ಪನೆ ಕುಳಿತುಕೊಳ್ಳಿ. ಅಷ್ಟರೊಳಗೆ ಜೀನು ಜಾರಿ ನೀವು ಕುದುರೆಯ ಹೊಟ್ಟೆಯ ಕೆಳಗೆ ನೇತಾಡುತ್ತಿದ್ದರೆ ಮುಂದಿನ ಪಾಠಗಳು ಬೇಕಾಗುವುದಿಲ್ಲ.

ಕುಳಿತೇ ಇದ್ದರೆ, ಅಂಗಳದ ಮೆತ್ತನೆಯ ಮರಳು ಬಿಟ್ಟು ಬಳ್ಳಾರಿ ರಸ್ತೆಯ ಸರ್ವಿಸ್ ರೋಡಿಗೆ ಇಳಿಯಿರಿ. ಏರೋ ಇಂಡಿಯಾ ನಡೆಯುವ ವರ್ಷವಾದರೆ ಅದೃಷ್ಟ; ಯಲಹಂಕ ವಾಯುನೆಲೆಯ ಮೇಲೆ ಯುದ್ಧವಿಮಾನಗಳು ತಾಲೀಮು ನಡೆಸುವ ಹೊತ್ತು ನೋಡಿಕೊಂಡು ಹೊರಡಿ. ಇಲ್ಲದಿದ್ದರೆ ವಿಮಾನ ನಿಲ್ದಾಣದ ವಾಯುವಜ್ರ ಬಸ್ಸು ಸಾಕು. ಅದೂ ಇಲ್ಲದಿದ್ದರೆ ಗಾಳಿಗೆ ತೇಲಿ ಬರುವ ಒಂದು ಪ್ಲಾಸ್ಟಿಕ್ ಕವರ್. ಅದೇ ಹೊತ್ತಿಗೆ ಕಲ್ಯಾಣ ಮಂಟಪದ ಮುಂದೆ ಮದುವೆಯ ಬಿಳಿ ಕುದುರೆ ಎದುರಾಗಬಹುದು. ಮೈಮೇಲೆ ಜರಿ, ಹಣೆಗೆ ಕನ್ನಡಿ ಚೂರು, ಬೆನ್ನ ಮೇಲೆ ಪೇಟ ಕಟ್ಟಿದ ಹೆದರುಪುಕ್ಕಲ ಮದುಮಗ, ಕಾಲ ಬಳಿ ಸಿಡಿಯುವ ಪಟಾಕಿ; ಅದು ಅರೆಗಣ್ಣು ಮುಚ್ಚಿ ಮೆಲ್ಲಗೆ ನಡೆಯುತ್ತಿರುತ್ತದೆ. ತಿರಸ್ಕಾರದಿಂದ ನೋಡಿ. ನಿಮ್ಮದು ಥರೋಬ್ರೆಡ್.

ನಿಮ್ಮದು ಓಡಲು ಶುರುಮಾಡಿದರೆ ಎರಡೂ ಕೈಯಲ್ಲಿ ಲಗಾಮು ಜಗ್ಗಿ ಹಿಡಿಯಿರಿ, ಬಿಡಲೇಬೇಡಿ. ರೇಸಿನಲ್ಲಿ ಪಳಗಿದ ಕುದುರೆಗೆ ಬಿಗಿದ ಲಗಾಮೆಂದರೆ ಆತುಕೊಂಡು ಇನ್ನೂ ಜೋರಾಗಿ ಓಡು ಎಂದರ್ಥ. ಜೊತೆಗೆ ಹಿಮ್ಮಡಿಗಳಿಂದ ಹೊಟ್ಟೆಯನ್ನು ಅವುಚಿಕೊಳ್ಳಿ; ಅದರರ್ಥವೂ ಓಡು ಎಂದೇ. ಬಾಯಲ್ಲಿ ಮಾತ್ರ "ನಿಲ್ಲು, ನಿಲ್ಲು" ಎಂದು ಕೂಗುತ್ತಿರಿ. ಒಂದು ಲಗಾಮನ್ನಷ್ಟೇ ಮೆಲ್ಲಗೆ ಎಳೆದು ದೊಡ್ಡ ಸುತ್ತಿನಲ್ಲಿ ತಿರುಗಿಸಿ, ಸುತ್ತು ಚಿಕ್ಕದು ಮಾಡುತ್ತಾ ನಿಲ್ಲಿಸುವ ಹಳೇ ಉಪಾಯ ನೆನಪಾದರೆ ಮರೆತುಬಿಡಿ.

ಬೀಳುವುದಕ್ಕೆ ಹಿಮ್ಮಡಿಯಿಲ್ಲದ ಸ್ಪೋರ್ಟ್ಸ್ ಶೂ ಒಳ್ಳೆಯದು, ಪಾದವಿಡೀ ರಿಕಾಪಿನೊಳಗೆ ಸಿಕ್ಕಿಕೊಳ್ಳುತ್ತದೆ. ಹೆಲ್ಮೆಟ್ಟಿನಿಂದ ಕೂದಲು ಕೆಡುತ್ತದೆ, ಸೈಸನ ಕೈಗೆ ಕೊಟ್ಟಿರಿ.

ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆ ನೆಂಟರಿಷ್ಟರು ಬರುತ್ತಾರೆ. ಆಗ ಚರಿತ್ರೆ ಮಾತಾಡಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ 'ಮಾನಸೋಲ್ಲಾಸ'ದಲ್ಲಿ ರಾಜರ ವಿನೋದಗಳ ನಡುವೆ ಕುದುರೆ ಸವಾರಿಗೂ ಜಾಗ ಕೊಟ್ಟಿದ್ದನ್ನು ಹೇಳಿ. ಆರ್.ಟಿ. ನಗರದಿಂದ ಅನತಿ ದೂರದ ಮುನಿರೆಡ್ಡಿಪಾಳ್ಯದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಈಟಿ ಹಿಡಿದು ಮೆಷಿನ್‌ಗನ್ನುಗಳ ಎದುರು ಕುದುರೆ ಓಡಿಸಿದವರು ಅವರು. ನಿಮ್ಮ ಮುತ್ತಾತನೂ ಅಲ್ಲಿದ್ದಿರಬಹುದು ಎನ್ನಿ, ಯಾರು ನೋಡಿದ್ದಾರೆ? ಬೆಂಗಳೂರಿನವರೇ ಆದ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಗೆದ್ದ ಬೆಳ್ಳಿಯನ್ನೂ ಸೇರಿಸಿ. ಅವರು ಚಿಕ್ಕಂದಿನಿಂದ ದಿನಾ ಕುದುರೆಯ ಜೊತೆಗಿದ್ದರು ಎಂಬುದು ಈ ಮಾತುಕತೆಗೆ ಬೇಡ. ತಪ್ಪೆಲ್ಲ ಕುದುರೆಯದು, ಅದಕ್ಕೆ ತಲೆ ಕೆಟ್ಟಿದೆ ಎಂದು ಮುಗಿಸಿ.

ಉಳಿದದ್ದು ಮಾರಾಟ. "ಸಾಧು ಸ್ವಭಾವ, ಮಕ್ಕಳಿಗೂ ಸೂಕ್ತ, ಮಾಲೀಕರು ವಿದೇಶಕ್ಕೆ ಹೋಗುತ್ತಿರುವುದರಿಂದ ಮಾತ್ರ" ಎಂದು ಬರೆಯಿರಿ. ಫೋಟೊದಲ್ಲಿ ಕಿವಿ ಹಿಂದಕ್ಕೆ ಹೋಗಿದ್ದರೆ ಗಿರಾಕಿ ಬರುವುದಿಲ್ಲ. ಕ್ಯಾಮೆರಾದ ಹಿಂದೆ ನಿಂತು ಹುರುಳಿ ಡಬ್ಬಿ ಅಲ್ಲಾಡಿಸಲು ಸೈಸನಿಗೆ ಹೇಳಿ, ಎರಡೂ ಕಿವಿ ಮುಂದಕ್ಕೆ ಬರುತ್ತವೆ. ಆಗ ಕ್ಲಿಕ್ ಮಾಡಿ.