ಶ್ರೀ ನವಿಲು ಮಹಾಶಯರ ಸನ್ನಿಧಾನಕ್ಕೆ ಒಂದು ಬಹಿರಂಗ ಅರ್ಜಿ

ಗೆ,
ಶ್ರೀ ನವಿಲು ಮಹಾಶಯರು,
ರಾಷ್ಟ್ರಪಕ್ಷಿ (1963ರಿಂದ),
ಹಾಲಿ ವಾಸ್ತವ್ಯ: ನಮ್ಮ ಗೇರು ಗುಡ್ಡೆ.

ವಿಷಯ: ಅಲಸಂಡೆ ಸಾಲಿನಲ್ಲಿ ತಮ್ಮ ಬೆಳಗಿನ ಉಪಾಹಾರದ ಕುರಿತು.
ಉಲ್ಲೇಖ: ಇಂದು ಮುಂಜಾನೆ ಐದೂವರೆಗೆ ನಮ್ಮ ಹಟ್ಟಿಯ ಮಾಡಿನ ಮೇಲಿಂದ ತಾವು ಹೊರಡಿಸಿದ ಮೌಖಿಕ ಆದೇಶ.

ಮಾನ್ಯರೇ,

ಸಣ್ಣವರಿದ್ದಾಗ ನಾವೆಲ್ಲ ತಮ್ಮ ಗರಿಯೊಂದನ್ನು ಪಾಠಪುಸ್ತಕದ ನಡುವೆ ಇಟ್ಟು, ಅದು ಮರಿ ಹಾಕುತ್ತದೆಂದು ಕಾದವರು. ಆಗ ಗರಿ ಸಿಗುತ್ತಿದ್ದುದು ಜಾತ್ರೆಯ ಸಂತೆಯಲ್ಲಿ. ಜೀವಂತ ನವಿಲು ಅಂದರೆ ಕ್ಯಾಲೆಂಡರಿನ ಸುಬ್ರಹ್ಮಣ್ಯನ ಪಕ್ಕದಲ್ಲಿ ನಿಂತದ್ದು, ಅಷ್ಟೇ. ಪುಸ್ತಕಗಳು ಗುಜರಿಗೆ ಹೋದ ಮೇಲೆ ಆ ಗರಿಗಳೆಲ್ಲ ಒಟ್ಟಿಗೆ ಮರಿ ಹಾಕಿದವೋ ಏನೋ. ಈಗ ಪುತ್ತೂರು, ಸುಳ್ಯ, ಕಡಬದ ಯಾವ ಬೈಲಿಗೆ ಹೋದರೂ ತಮ್ಮದೇ ದರ್ಬಾರು.

ತಮ್ಮ ಊಟದ ಶಿಸ್ತನ್ನು ಮೊದಲು ಮೆಚ್ಚಲೇಬೇಕು. ಹಂದಿ ಬಂದರೆ ಉತ್ತು ಹಾಕುತ್ತದೆ, ಮಂಗ ಕಿತ್ತು ಬಿಸಾಡುತ್ತದೆ. ತಾವು ಹಾಗಲ್ಲ. ಬೀಜ ಹಾಕಿದ ದಿನ ಗುಡ್ಡೆಯಿಂದಲೇ ನೋಡಿಕೊಂಡಿರುತ್ತೀರಿ. ಮೊಳಕೆ ಮಣ್ಣು ಸೀಳಿ, ಇನ್ನೂ ಸಿಪ್ಪೆಯ ಟೊಪ್ಪಿ ಕಳಚದೆ ಬಗ್ಗಿ ನಿಂತಿರುವಾಗ ಇಳಿದು ಬರುತ್ತೀರಿ. ಒಂದು ಹೆಜ್ಜೆ, ಕತ್ತು ಓರೆ, ಒಂದು ಕುಕ್ಕು. ಮತ್ತೆ ಒಂದು ಹೆಜ್ಜೆ. ಲೆಕ್ಕ ತಪಾಸಣೆಗೆ ಬಂದ ಅಧಿಕಾರಿಯಂತೆ ಒಂದು ಬುಡವನ್ನೂ ಬಿಡುವುದಿಲ್ಲ. ಹಿಂದೆ ನಾಲ್ಕು ಹೇಂಟೆಗಳು, ಅವುಗಳ ಹಿಂದೆ ಮರಿಗಳು. ಸಾಲು ಮುಗಿದ ಮೇಲೆ ಅಂಗಳಕ್ಕೆ ಬಂದು, ನಿಲ್ಲಿಸಿದ ಕಾರಿನ ಕನ್ನಡಿಯಲ್ಲಿ ಕಂಡ ಎದುರಾಳಿಗೆ ಎರಡು ಬಿಟ್ಟು ಹೋಗುತ್ತೀರಿ. ತನ್ನ ಮುಖವೇ ತನಗೆ ವಿರೋಧ ಪಕ್ಷವಾಗಿ ಕಾಣುವುದು ನಮ್ಮ ಪಂಚಾಯತಿನಲ್ಲೂ ಇದ್ದದ್ದೇ, ಅದಕ್ಕೆ ನಮ್ಮ ತಕರಾರಿಲ್ಲ. ಕನ್ನಡಿಯ ದುಡ್ಡು ಮಾತ್ರ ನಮ್ಮದು.

ನಮ್ಮಿಂದ ತಮಗೆ ಏನು ಮಾಡಲಾದೀತು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಹುಲಿ, ಆನೆಗಳ ಪಂಕ್ತಿಯಲ್ಲೇ ತಾವು ಕೂತಿದ್ದೀರಿ. ತಮ್ಮ ಮೈಗೆ ಕೈ ಹಾಕಿದವನಿಗೆ ಮೂರರಿಂದ ಏಳು ವರ್ಷ. ಬೆಳೆ ರಕ್ಷಣೆಗೆಂದು ಕೊಟ್ಟ ಕೋವಿ ತಮಗಂತೂ ಅನ್ವಯವಿಲ್ಲ. ಇರುವುದನ್ನೂ ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಇಟ್ಟು ಬರಬೇಕು. ತಮ್ಮನ್ನು ಸಾಕುವುದೂ ಅಪರಾಧವಂತೆ. ನಮ್ಮ ಭತ್ತ, ನಮ್ಮ ಹರಿವೆ, ನಮ್ಮ ತೊಂಡೆ ತಿಂದು, ನಮ್ಮ ಹಲಸಿನ ಮರದಲ್ಲಿ ಮಲಗಿ ಏಳುವುದಕ್ಕೆ ಸಾಕುವುದು ಎನ್ನುವಂತಿಲ್ಲ ಎಂಬುದನ್ನು ಈ ಮೂಲಕ ಸ್ಪಷ್ಟಪಡಿಸುತ್ತೇನೆ. 2016ರಲ್ಲಿ ಗೋವಾದ ಕೃಷಿ ಸಚಿವರು ತಮ್ಮನ್ನು ಉಪದ್ರವ ಜೀವಿಗಳ ಪಟ್ಟಿಗೆ ಸೇರಿಸುವ ಮಾತೆತ್ತಿದ್ದರು. ದೇಶವಿಡೀ ಎದ್ದು ಕೂಗಾಡಿತು. ಕೂಗಿದವರಲ್ಲಿ ಅಲಸಂಡೆ ಹಾಕಿದವರು ಎಷ್ಟು ಮಂದಿಯೋ!

ದೇವರ ಹತ್ತಿರ ಹೇಳಿಕೊಳ್ಳೋಣವೆಂದರೆ ಅಲ್ಲಿಯೂ ತಾವೇ ವಾಹನ. ಗರುಡನಿಗೆ ಹೆದರಿದ ವಾಸುಕಿ ಕುಕ್ಕೆಯಲ್ಲಿ ಆಶ್ರಯ ಪಡೆದ ಎಂಬುದು ಸ್ಥಳಪುರಾಣ. ಗರುಡನಿಂದ ತಪ್ಪಿಸಿಕೊಂಡು ನವಿಲಿನ ಯಜಮಾನನ ಮನೆಗೇ ಬಂದ ಅವನ ಧೈರ್ಯ ದೊಡ್ಡದು. ಕತ್ತಿಯ ಬಾಯಿಗೆ ತಪ್ಪಿ ಒಂದು ನಾಗರಹಾವು ಸಿಕ್ಕಿದರೆ ನಾವು ಎರಡು ದಿನ ಸುಬ್ರಹ್ಮಣ್ಯದಲ್ಲಿ ಕೂತು ಸರ್ಪಸಂಸ್ಕಾರ ಮಾಡಿಸಬೇಕು. ತಾವು ನಾಗಬನದ ಕಟ್ಟೆಯ ಮೇಲೆಯೇ ಮರಿ ಹಾವನ್ನು ನುಂಗಿ ಕೊಕ್ಕು ಒರೆಸಿಕೊಳ್ಳುತ್ತೀರಿ. ದೋಷವಿಲ್ಲ, ರಶೀದಿಯಿಲ್ಲ.

ಸಂತಾನ ವಿಚಾರ. ನವಿಲು ಆಜನ್ಮ ಬ್ರಹ್ಮಚಾರಿ, ಅದರ ಕಣ್ಣೀರು ಕುಡಿದೇ ಹೆಣ್ಣು ಗರ್ಭ ಧರಿಸುತ್ತದೆ ಎಂದು 2017ರಲ್ಲಿ ರಾಜಸ್ಥಾನ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ನಿವೃತ್ತಿಯ ದಿನ ಟಿ.ವಿ.ಯವರ ಮುಂದೆ ಹೇಳಿದರು. ನಮ್ಮ ಗುಡ್ಡೆಯ ಮರಿಗಳ ಲೆಕ್ಕ ನೋಡಿದರೆ ಅಷ್ಟು ಕಣ್ಣೀರು ಒಂದು ಹಕ್ಕಿಯದ್ದಂತೂ ಅಲ್ಲ. ಎಲೆಚುಕ್ಕಿ ರೋಗ, ಹಳದಿ ರೋಗ ಬಂದ ಕಂಗಿನ ತೋಟಗಳ ಯಜಮಾನರದ್ದೂ ಸೇರಿರಬಹುದು. ಅಮೆರಿಕದ ಫ್ಲೋರಿಡಾದಲ್ಲಿ ಪೈನ್‌ಕ್ರೆಸ್ಟ್ ಎಂಬ ಊರಿನವರು ಗಂಡು ನವಿಲುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲು ಹೊರಟರಂತೆ. ಅವರಿಗೆ ಈ ತೀರ್ಪು ತಲುಪಿರಲಿಲ್ಲ.

ಇಷ್ಟೆಲ್ಲ ಬೈದರೂ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸಲೀಂ ಅಲಿ 1933ರಲ್ಲಿ ತಿರುವಾಂಕೂರು, ಕೊಚ್ಚಿಯ ಹಕ್ಕಿಗಳನ್ನು ಸಮೀಕ್ಷೆ ಮಾಡಿದಾಗ ತಾವು ಅಲ್ಲಿ ಕಾಣಸಿಕ್ಕಿರಲಿಲ್ಲ. ಈಗ ಕೇರಳದ ಉದ್ದಗಲಕ್ಕೂ ಇದ್ದೀರಿ. ನೆಲ ಒಣಗುತ್ತಿರುವುದಕ್ಕೆ ಇದು ಸೂಚನೆ ಎಂದು ಕೇರಳ ಕೃಷಿ ವಿಶ್ವವಿದ್ಯಾಲಯದವರು 2020ರಲ್ಲಿ ಬರೆದರು. ತಮಗೆ ದಟ್ಟ ಮಳೆಕಾಡು ಹಿಡಿಸದು; ಕುರುಚಲು, ಪದವು, ಒಣ ಬಯಲು ಬೇಕು. ಅದನ್ನು ನಾವು ಎಷ್ಟು ಶ್ರದ್ಧೆಯಿಂದ ಒದಗಿಸಿದ್ದೇವೆ ನೋಡಿ. ಗುಡ್ಡೆ ಬೋಳಿಸಿ ರಬ್ಬರು ಹಾಕಿದೆವು, ಗದ್ದೆ ಮುಚ್ಚಿ ತೋಟ ಮಾಡಿದೆವು, ಫೆಬ್ರವರಿಗೇ ತೋಡು ಬತ್ತುವಂತೆ ಕೊಳವೆಬಾವಿ ಕೊರೆದೆವು. ತಮ್ಮ ಮೊಟ್ಟೆಗೆ ಹೊಂಚುವ ನರಿಗಳ ಊಳು ಕೇಳದೆ ಎಷ್ಟೋ ಕಾಲವಾಯಿತು. ಹೀಗೆ ಚಾಪೆ ಹಾಸಿ ಕರೆದವರೇ ಈಗ ಎದ್ದು ಹೋಗಿ ಎನ್ನುವುದು ಯಾವ ನ್ಯಾಯ ಎಂದು ತಾವು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದ್ದರಿಂದ ದಯವಿಟ್ಟು ಕೇಳಬೇಡಿ.

ಕೋರಿಕೆ ಇಷ್ಟೇ. ಮೊಳಕೆಯನ್ನು ಬಿಟ್ಟು ಕಾಯಿಯಾದ ಮೇಲೆ ಬನ್ನಿ, ಅರ್ಧರ್ಧ ಹಂಚಿಕೊಳ್ಳೋಣ. ಬೆಂಗಳೂರಿನಿಂದ ನೆಂಟರು ಬಂದು ಮೊಬೈಲು ಹಿಡಿದು ಕಾಯುವಾಗ ಪೊದೆಯಲ್ಲಿ ಅಡಗಿ, ಅವರು ಹೋದ ಮರುಗಳಿಗೆ ಗರಿ ಬಿಚ್ಚಿ ಕುಣಿಯುವ ಕುಚೋದ್ಯವನ್ನು ನಿಲ್ಲಿಸಿ. ಮಳೆಗಾಲ ಕಳೆದು ಗರಿ ಉದುರಿಸುವಾಗ ಆಚೆ ಮನೆಯವರ ಜಾಗದಲ್ಲಿ ಉದುರಿಸಬೇಡಿ. ಉದುರಿದ ಗರಿಗೆ ಕಾನೂನಿನ ತೊಡಕಿಲ್ಲ, ಬೀಜದ ದುಡ್ಡಾದರೂ ಹುಟ್ಟಲಿ.

ಇತಿ ತಮ್ಮ ವಿಧೇಯ,
ಒಬ್ಬ ಅಡಿಕೆ ಬೆಳೆಗಾರ

ಪ್ರತಿಗಳು: ಮಂಗಗಳಿಗೆ, ತೆಂಗಿನ ಮರ; ಹಂದಿಗಳಿಗೆ, ಬಾಳೆಯ ಬುಡ – ಮಾಹಿತಿಗಾಗಿ.
ಕಾಡಾನೆಯವರಿಗೆ – ಕಳುಹಿಸಿಲ್ಲ. ಅವರು ಖುದ್ದಾಗಿ ಬಂದು ವಿಚಾರಿಸುವ ಪೈಕಿ.