ಮುಳ್ಳಿಗೆ ಕೈ ಹಚ್ಚಬ್ಯಾಡ್ರಿ

ಏಪ್ರಿಲ್ ಬಂತೆಂದರೆ ನಮ್ಮ ಕಡೆ ಸರಕಾರಿ ಕಚೇರಿಗಳು ಮುಂಜಾನೆ ಎಂಟಕ್ಕೇ ಬಾಗಿಲು ತೆಗೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ, ನಿಮಗೆ ಗೊತ್ತಿದ್ದ ಮಾತೇ. ಕಲಬುರಗಿ ವಿಭಾಗದ ಜಿಲ್ಲೆಗಳು, ಜೊತೆಗೆ ವಿಜಯಪುರ, ಬಾಗಲಕೋಟೆ. ಏಪ್ರಿಲ್, ಮೇ ಎರಡೇ ತಿಂಗಳು. ಬೆಂಗಳೂರಿನವರು ಈ ಸುದ್ದಿಯನ್ನು ಪೇಪರಿನಲ್ಲಿ ನೋಡಿ ಪುಟ ತಿರುವುತ್ತಾರೋ ಏನೋ. ನಮ್ಮ ಮನ್ನಾಏಖೇಳ್ಳಿಯಲ್ಲಿ ಹಾಗಲ್ಲ. ಪಹಣಿ ತಿದ್ದುಪಡಿ, ಜಾತಿ–ಆದಾಯದ ಸರ್ಟಿಫಿಕೇಟು ಅಂತ ಬೀದರಿಗೆ ಹೊರಡುವವರು ಬೆಳಕು ಹರಿಯುವುದರೊಳಗೆ ಹೈವೇ ಕ್ರಾಸಿಗೆ ಬಂದು ನಿಂತಿರುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಚಿಟ್ಟ ಕಾಗದಪತ್ರ, ಹೆಗಲಿಗೆ ಟವೆಲ್ಲು. "ಎಂಟಕ್ಕ ಸಾಹೇಬ್ರು ಕುಂದ್ರತಾರ, ಒಂಬತ್ತಕ್ಕ ಕೆಲಸ ಆತು, ಬಿಸಲು ಏರೂದ್ರಾಗ ಮನಿ" ಅನ್ನುವ ಲೆಕ್ಕ. ಎಷ್ಟು ಸರಳ ಲೆಕ್ಕ, ಅಲ್ಲೇನ್ರೀ?

ಇಂಗ್ಲೆಂಡು, ಅಮೆರಿಕದವರು ಇದನ್ನೇ ತಿರುವುಮುರುವು ಮಾಡುತ್ತಾರೆ. ಕಚೇರಿ ವೇಳೆಗೆ ಕೈ ಹಚ್ಚುವುದಿಲ್ಲ, ಗಡಿಯಾರದ ಮುಳ್ಳಿಗೇ ಹಚ್ಚುತ್ತಾರೆ. ನಮ್ಮ ಓಣಿಯ ಕಾಕು ಒಬ್ಬರ ಮಗಳು ಡಾಲಸ್‌ನಲ್ಲಿದ್ದಾಳೆ. ಅಲ್ಲಿ ರಾತ್ರಿ ಎಂಟಕ್ಕೆ ಊಟ ಮುಗಿಸಿ ಅವಳು ಫೋನ್ ಹಚ್ಚಿದರೆ ಚಳಿಗಾಲದಲ್ಲಿ ನಮಗೆ ಮರುದಿನ ಮುಂಜಾನೆ ಏಳೂವರೆ. ಅಷ್ಟೊತ್ತಿಗೆ ಕಾಕು ರೊಟ್ಟಿ ಬಡಿದು ಮುಗಿಸಿ ಚಹಾ ಹಿಡಿದು ಕಟ್ಟೆಗೆ ಕೂತಿರುತ್ತಾರೆ. ಮಾರ್ಚ್ ಎರಡನೇ ಭಾನುವಾರ ದಾಟಿತೋ, ಅದೇ ಫೋನು ಆರೂವರೆಗೆ ಬಡಿದುಕೊಳ್ಳುತ್ತದೆ. ಒಲೆಯ ಮೇಲೆ ಹಂಚು, ಕೈತುಂಬ ಜೋಳದ ಹಿಟ್ಟು. "ಯಾಕವ್ವಾ, ಆರಾಮ ಇದ್ದಿ ಇಲ್ಲೋ?" ಅಂತ ಕಾಕುವಿಗೆ ಗಾಬರಿ. "ಆರಾಮ ಇದ್ದೀನಿ ಯವ್ವಾ, ಇಲ್ಲಿ ಟೈಮ್ ಬದಲಾತು." ನವೆಂಬರ್ ಮೊದಲ ಭಾನುವಾರಕ್ಕೆ ಮತ್ತೆ ಮೊದಲಿನಂತೆ. "ಅಲ್ಲಿ ಸೂರ್ಯ ಬ್ಯಾರೆ ಅದಾನೇನು?" ಅಂತ ಕಾಕು ಕೇಳುವುದು ನ್ಯಾಯವಾದ ಪ್ರಶ್ನೆಯೇ.

ಇದು ಮೊದಲು ಯಾರ ತಲೆಗೆ ಹೊಳೆಯಿತು ಅಂದರೆ ಬಹಳ ಜನ ಬೆಂಜಮಿನ್ ಫ್ರಾಂಕ್ಲಿನ್ ಹೆಸರು ಹೇಳುತ್ತಾರೆ. ಬೇಗ ಎದ್ದರೆ ಮೇಣದಬತ್ತಿ ಉಳಿದೀತು ಅಂತ ಅವನು 1784ರಲ್ಲಿ ಪ್ಯಾರಿಸ್ಸಿನ ಪತ್ರಿಕೆಗೆ ಬರೆದದ್ದು ತಮಾಷೆಗೆ. ಗಡಿಯಾರ ತಿರುಗಿಸುವ ಮಾತನ್ನು ಅವನು ಎತ್ತಲೇ ಇಲ್ಲ. ನನಗೆ ಹಿಡಿಸಿದವರು ಇನ್ನಿಬ್ಬರು. ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್ ಅಂಚೆ ಕಚೇರಿಯ ನೌಕರ. ಡ್ಯೂಟಿ ಮುಗಿದ ಮೇಲೆ ಹುಳಹುಪ್ಪಟೆ ಹಿಡಿದು ಅಭ್ಯಾಸ ಮಾಡುವ ಹುಚ್ಚು ಅವನಿಗೆ. ಸಂಜೆ ಬೆಳಕು ಸಾಲದಾಗಿ, ಬೇಸಿಗೆಯಲ್ಲಿ ಗಡಿಯಾರ ಎರಡು ಗಂಟೆ ಮುಂದೆ ಇಡೋಣ ಅಂತ 1895ರಲ್ಲಿ ವೆಲಿಂಗ್ಟನ್ನಿನ ವಿದ್ವಾಂಸರ ಮುಂದೆ ಪ್ರಬಂಧ ಮಂಡಿಸಿದ. ಒಂದಲ್ಲ, ಎರಡು ಗಂಟೆ!

ಇನ್ನೊಬ್ಬ ವಿಲಿಯಂ ವಿಲೆಟ್, ಲಂಡನ್ ಕಡೆ ಮನೆ ಕಟ್ಟಿಸುವ ಬಿಲ್ಡರ್. ಬೇಸಿಗೆಯ ಮುಂಜಾನೆ ಕುದುರೆ ಏರಿ ಹೊರಟರೆ, ಬಿಸಿಲು ಬಿದ್ದಿದ್ದರೂ ಜನ ಕಿಟಕಿ ಪರದೆ ಎಳೆದು ಮಲಗಿಯೇ ಇದ್ದಾರಲ್ಲ ಅಂತ ಅವನಿಗೆ ಹೊಟ್ಟೆಯಲ್ಲಿ ಸಂಕಟ. 1907ರಲ್ಲಿ ಸ್ವಂತ ಖರ್ಚಿನಲ್ಲಿ ಪುಸ್ತಿಕೆ ಅಚ್ಚು ಹಾಕಿಸಿದ. ಅವನ ಯೋಜನೆ ಕೇಳಿದರೆ ತಲೆ ಗಿರ್ರೆನ್ನುತ್ತದೆ: ಏಪ್ರಿಲ್‌ನ ನಾಲ್ಕು ಭಾನುವಾರ, ಸಲಕ್ಕೆ 20 ನಿಮಿಷದಂತೆ ಒಟ್ಟು 80 ನಿಮಿಷ ಮುಂದೆ, ಸೆಪ್ಟೆಂಬರ್‌ನಲ್ಲಿ ಹಾಗೆಯೇ ನಾಲ್ಕು ಕಂತಿನಲ್ಲಿ ವಾಪಸ್. ಸಂತೆ ದಿನ ಬಾಕಿ ತೀರಿಸಿದ ಹಾಗೆ ವಾರಕ್ಕೊಂದು ಕಂತು! ಪಾಪ, ಜೀವ ಇರೋತನಕ ಇದಕ್ಕಾಗಿ ಓಡಾಡಿ 1915ರಲ್ಲಿ ತೀರಿಕೊಂಡ. ಮರುವರ್ಷ ಏಪ್ರಿಲ್ 30ಕ್ಕೆ ಜರ್ಮನಿ ಯುದ್ಧಕ್ಕೆ ಕಲ್ಲಿದ್ದಲು ಉಳಿಸಲೆಂದು ಗಡಿಯಾರ ತಿರುಗಿಸಿತು, ಮೂರು ವಾರಕ್ಕೆ ಅವನ ಬ್ರಿಟನ್ನೂ ತಿರುಗಿಸಿತು. ಒಂದು ವರ್ಷ ತಡೆದಿದ್ದರೆ ಕಣ್ಣಾರೆ ನೋಡುತ್ತಿದ್ದ, ಅಲ್ವಾ?

ರೈತರ ಅನುಕೂಲಕ್ಕೆ ಇದನ್ನು ತಂದರು ಅನ್ನುವ ಮಾತೊಂದಿದೆ. ಅದು ಸುಳ್ಳು. ಅಮೆರಿಕದಲ್ಲಿ 1918ರಲ್ಲಿ ಬಂದದ್ದನ್ನು ಮರುವರ್ಷವೇ ಹಟ ಹಿಡಿದು ತೆಗೆಸಿದವರಲ್ಲಿ ರೈತರೇ ಮುಂದು. ಹುಲ್ಲಿನ ಮೇಲಿನ ಇಬ್ಬನಿ ಆರುವುದು ಸೂರ್ಯನಿಂದ, ಕಾನೂನಿನಿಂದಲ್ಲ. ನಮ್ಮ ಎಮ್ಮೆಗೆ ಹೋಗಿ "ಇವತ್ತಿನಿಂದ ಒಂದು ತಾಸು ಮೊದಲು ಹಾಲು ಕೊಡವ್ವಾ" ಅಂದರೆ ಕೊಟ್ಟೀತೇ?

ಮುಳ್ಳು ಮುಂದೆ ಇಡುವುದು ನಮ್ಮ ಮನೆಗೇನೂ ಹೊಸದಲ್ಲ. ನಮ್ಮ ಕಾಕಾ ಪಡಸಾಲೆಯ ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದೆ ಇಟ್ಟಿರುತ್ತಿದ್ದರು, ಬಸ್ಸು ತಪ್ಪಬಾರದು ಅಂತ. ಮನೆಯ ಕೂಸಿಗೂ ಅದು ಗೊತ್ತು. ಎಲ್ಲರೂ ತಲೆಯೆತ್ತಿ ನೋಡುವುದು, ಮನಸ್ಸಿನಲ್ಲೇ ಹತ್ತು ಕಳೆಯುವುದು, ಮತ್ತೆ ನಿಧಾನಕ್ಕೆ ಚಪ್ಪಲಿ ಹುಡುಕುವುದು. ಬೀಗರು ಮಾತ್ರ ಗಡಬಡಿಸಿ ಎದ್ದು ನಿಲ್ಲುತ್ತಿದ್ದರು. ಇಂಗ್ಲೆಂಡಿನ ಏಳನೇ ಎಡ್ವರ್ಡ್ ದೊರೆಯೂ ಇದನ್ನೇ ಮಾಡಿದ್ದ! ಬೇಟೆಗೆ ಬೆಳಕು ಸಾಲದು ಅಂತ ಸ್ಯಾಂಡ್ರಿಂಗ್‌ಹ್ಯಾಮ್ ಅರಮನೆಯ ಗಡಿಯಾರಗಳನ್ನೆಲ್ಲ ಅರ್ಧ ತಾಸು ಮುಂದೆ ಇಡಿಸಿದ್ದ. 1936ರಲ್ಲಿ ಮೊಮ್ಮಗ ಪಟ್ಟಕ್ಕೆ ಬಂದು ಅದನ್ನು ತೆಗೆಸಿದ.

ಭಾರತವೂ ಗಡಿಯಾರ ತಿರುಗಿಸಿ ನೋಡಿದೆ. ಎರಡನೇ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಬ್ರಿಟಿಷ್ ಇಂಡಿಯಾದ ಗಡಿಯಾರ ಒಂದು ಗಂಟೆ ಮುಂದೆ. ಮುಂಬೈಯವರದಂತೂ ಬೇರೆಯೇ ಗತ್ತು. ದೇಶಕ್ಕೆಲ್ಲ 1906ರಿಂದ ಒಂದೇ ವೇಳೆ ಬಂದರೂ ಅವರು 39 ನಿಮಿಷ ಹಿಂದಿನ ತಮ್ಮ ಮುಂಬೈ ಟೈಮನ್ನು 1955ರವರೆಗೂ ಬಿಟ್ಟಿರಲಿಲ್ಲ.

ನಿಜ ನೋಡಿದರೆ ನಮ್ಮೂರ ಗಡಿಯಾರ ಈಗಲೂ ಸೂರ್ಯನಿಗಿಂತ ಸುಮಾರು ಇಪ್ಪತ್ತು ನಿಮಿಷ ಮುಂದಿದೆ. ದೇಶದ ವೇಳೆ ನಿಂತಿರುವುದು ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖಾಂಶದ ಮೇಲೆ, ನಾವಿರುವುದು ಅದರ ಪಶ್ಚಿಮಕ್ಕೆ ಐದು ಡಿಗ್ರಿ ಆಚೆ. ಮಸೀದಿಯ ಗೋಡೆಯ ನಮಾಜಿನ ವೇಳಾಪಟ್ಟಿ ನೋಡಿದರೆ ತಿಳಿಯುತ್ತದೆ. ಹೊತ್ತು ನೆತ್ತಿಯಿಂದ ಜಾರಿದ ಮೇಲೆ ಶುರುವಾಗುವ ಜೋಹರ್, ನವೆಂಬರ್ ಹೊತ್ತಿಗೆ ಹನ್ನೆರಡು ದಾಟಿದೊಡನೆ, ಫೆಬ್ರವರಿಯಲ್ಲಿ ಹನ್ನೆರಡೂವರೆ ದಾಟಿ. ಆ ಪಟ್ಟಿ ಬರೆದವರು ದಿನದಿನಕ್ಕೆ ಸೂರ್ಯನನ್ನೇ ಕೇಳಿ ಬರೆದಿದ್ದಾರೆ. ನನಗೆ ಅದರ ಮೇಲೆ ಬಹಳ ಗೌರವ.

ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ದಿಲೀಪ್ ಅಹುಜಾ, ಡಿ.ಪಿ. ಸೇನ್‌ಗುಪ್ತ ಮೊದಲಾದವರು ದೇಶದ ಗಡಿಯಾರವನ್ನು ಕಾಯಂ ಅರ್ಧ ಗಂಟೆ ಮುಂದಿಡಿ ಅಂತ ಲೆಕ್ಕ ಸಮೇತ ಹೇಳಿದ್ದರು. ವರ್ಷಕ್ಕೆ 200 ಕೋಟಿ ಯೂನಿಟ್‌ಗೂ ಮಿಗಿಲು ಕರೆಂಟು ಉಳಿತಾಯ, ಅದೂ ಸಂಜೆ ಎಲ್ಲರೂ ಒಟ್ಟಿಗೆ ದೀಪ ಹಚ್ಚುವ ಹೊತ್ತಿನಲ್ಲಿ. ವರ್ಷಕ್ಕೆರಡು ಸಲ ತಿರುಗಿಸುವ ಗೋಳಿಲ್ಲ. ಚಹಾ ತೋಟಗಳಲ್ಲಿ ಒಂದು ತಾಸು ಮುಂದಿನ 'ಬಾಗಾನ್ ಟೈಮ್' ಇಟ್ಟುಕೊಂಡಿರುವ ಅಸ್ಸಾಮಿನವರಿಗೆ ಅದು ವರವೇ ಆಗುತ್ತಿತ್ತು. ನಮಗೆ? ಜನವರಿಯಲ್ಲಿ ಇಲ್ಲಿ ಹೊತ್ತು ಮೂಡುವುದೇ ಹತ್ತಿರ ಹತ್ತಿರ ಏಳಕ್ಕೆ, ಗಡಿಯಾರ ಮುಂದಿಟ್ಟರೆ ಇನ್ನೂ ತಡವಾದೀತು. ಲಂಡನ್ನಿನಲ್ಲಿ ಬೇಸಿಗೆಯ ಹಗಲು ಹದಿನಾರೂವರೆ ತಾಸು, ಚಳಿಗಾಲದ್ದು ಎಂಟೂ ಇಲ್ಲ. ನಮ್ಮಲ್ಲಿ ಹದಿಮೂರು, ಹನ್ನೊಂದು. ಉಳಿಸುವಷ್ಟು ಹೆಚ್ಚುವರಿ ಬೆಳಕೇ ನಮ್ಮ ಹತ್ತಿರ ಇಲ್ಲ.

ನಮಗೆ ಬೆಳಕಿನ ಬರ ಇಲ್ಲ, ಇರುವುದು ಬಿಸಿಲಿನ ಕಾಟ. ಅಮೆರಿಕದ ಇಂಡಿಯಾನಾದಲ್ಲಿ 2006ರಲ್ಲಿ ರಾಜ್ಯಕ್ಕೆಲ್ಲ ಈ ಪದ್ಧತಿ ತಂದ ಮೇಲೆ ಮನೆಗಳ ವಿದ್ಯುತ್ ಲೆಕ್ಕ ಹಾಕಿದರೆ, ಖರ್ಚು ಶೇ 1ರಷ್ಟು ಏರಿತ್ತು. ದೀಪದಲ್ಲಿ ಉಳಿದದ್ದನ್ನು ಎಸಿ ತಿಂದುಹಾಕಿತ್ತು. ಅದಕ್ಕೇ ನಮ್ಮ ಎಂಟು–ಒಂದೂವರೆ ಆದೇಶ ನನಗೆ ಬಹಳ ಸೇರುತ್ತದೆ. ಮುಳ್ಳು ಮುಟ್ಟಲಿಲ್ಲ, ಬಸ್ಸಿನ ವೇಳೆ ಕೆಡಲಿಲ್ಲ, ಪೂಜೆ–ನಮಾಜು ತಪ್ಪಲಿಲ್ಲ. ಮನುಷ್ಯನನ್ನು ಬಿಸಿಲಿನಿಂದ ಈಚೆಗೆ ಎಳೆದರು, ಅಷ್ಟೇ. ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು ಯಾವ ಆದೇಶವೂ ಇಲ್ಲದೆ ಇದನ್ನು ಮಾಡಿಕೊಂಡೇ ಬಂದಿದ್ದಾರೆ. ಬೇಸಿಗೆಯಲ್ಲಿ ಬುತ್ತಿ ಕಟ್ಟಿಕೊಂಡು ನಸುಕಿಗೇ ಹೋಗಿ, ನೆರಳು ಕಾಲಬುಡಕ್ಕೆ ಬರುವುದರೊಳಗೆ ಮನೆಗೆ.

ನನ್ನ ಸಂಕಟ ಉಳಿದವರದ್ದು. ಇಟ್ಟಿಗೆ ಭಟ್ಟಿಯವರು, ಸ್ಲ್ಯಾಬ್ ಹಾಕುವ ಗೌಂಡಿಗಳು, ಹೈವೇ ಬದಿ ಟೈರ್ ಬಿಚ್ಚುವ ಪಂಕ್ಚರ್ ಅಂಗಡಿಯ ಹುಡುಗರು. ಇವರಿಗೆ ಮಧ್ಯಾಹ್ನ ಎರಡಕ್ಕೂ ಕೆಲಸ. ಸಾಹೇಬರಿಗೆ ಬಿಸಿಲು ಬಡಿಯುತ್ತದೆ ಅಂದಮೇಲೆ ಗೌಂಡಿಗೂ ಬಡಿಯುತ್ತದಲ್ಲ? ಗುತ್ತಿಗೆದಾರರಿಗೂ ಅಂಥದೇ ಆದೇಶ ಬರಲಿ. ಬರುವುದಾದರೆ ಏಪ್ರಿಲ್‌ತನಕ ಕಾಯುವುದೂ ಬೇಡ. ಗಡಿಯಾಚೆ ತೆಲಂಗಾಣದ ಜಹೀರಾಬಾದಿನಲ್ಲಿ ಮಾರ್ಚ್ ಮಧ್ಯಕ್ಕೇ ಒಪ್ಪೊತ್ತಿನ ಶಾಲೆ ಶುರುವಾಗಿರುತ್ತದೆ. ಅಲ್ಲಿ ಬೀಳುವುದೂ ಇದೇ ಬಿಸಿಲು, ಹೌದಿಲ್ರಿ?